ಪತ್ತೇದಾರಿ ಏಕಾಂಕ: ವಿದ್ಯಾರ್ಥಿಗಳಿಗೆ ಎಷ್ಟು ತಿದ್ದಬೇಕು?

ಕನ್ನಡ ಅಧ್ಯಾಪಕಿ, ಧಾರವಾಡ:
ಯುವಜನೋತ್ಸವಕ್ಕೆ ಎಂ.ಎ. ವಿದ್ಯಾರ್ಥಿಗಳು ತಾವೇ ಪತ್ತೇದಾರಿ ಏಕಾಂಕ ಬರೆದಿದ್ದಾರೆ. 30 ನಿಮಿಷದ ಮಿತಿ. ತಾಲೀಮಿನಲ್ಲಿ ಹತ್ತನೇ ನಿಮಿಷಕ್ಕೇ ಕೊಲೆಗಾರ ಯಾರೆಂದು ಗೊತ್ತಾಗುತ್ತದೆ, ಕೊನೆಯ ಎಂಟು ನಿಮಿಷ ಪತ್ತೇದಾರನ ಭಾಷಣ. ನಾನೇ ತಿದ್ದಿಬಿಟ್ಟರೆ ಅದು ಅವರ ನಾಟಕವಾಗಿ ಉಳಿಯುವುದಿಲ್ಲ. ಹೇಗೆ ದಾರಿ ತೋರಿಸಲಿ?

ನೇಪಥ್ಯ, ಹುಬ್ಬಳ್ಳಿ:
ಮೇಡಮ್ಮರ, ಸ್ಕ್ರಿಪ್ಟ್ ಸದ್ಯಕ್ಕ ಬಾಜೂಕ ಇಡಸ್ರಿ. ಕೊಲೆ ನಿಜವಾಗಿ ಹೆಂಗ ಆತು ಅನ್ನೋದನ್ನ ಗಂಟೆವಾರು ಒಂದ ಹಾಳ್ಯಾಗ ಬರಸ್ರಿ. ಆಮ್ಯಾಲೆ ಒಂದು ತಖ್ತೆ: ಎಡಕ್ಕ ದೃಶ್ಯ, ಮ್ಯಾಲೆ ಪಾತ್ರ, ಪ್ರತಿ ಖಾನ್ಯಾಗ ‘ಏನು ಗೊತ್ತೈತಿ, ಏನು ಹೇಳ್ತಾನ’. ತನಗ ಗೊತ್ತಿರಬಾರದ ಮಾತು ಯಾರು ಆಡ್ಯಾರ ಅನ್ನೋದು ಅಲ್ಲೇ ಸಿಗತೈತಿ. ಗುಟ್ಟು ಲಗೂನ ಒಡೆಯೂದು ಬಹಳ ಸಲ ಇದರಿಂದನ.

ಕಾದಂಬರಿ ಓದಾವ ಪುಟ ತಿರುವಿ ಹಿಂದಕ್ಕ ಹೋಗಬಹುದು, ಪ್ರೇಕ್ಷಕನಿಗೆ ಆ ಸವಲತ್ತು ಇಲ್ಲ. ಸುಳಿವು ಕಣ್ಣಿಗೆ ಬೀಳಬೇಕು, ಆದ್ರ ಮಹತ್ವದ್ದು ಅನಸಬಾರದು. ಎಲ್ಲಾರೂ ‘ಮಳಿಗಿಂತ ಮೊದಲ ಬಂದೇವಿ’ ಅಂತಾರ, ಮೂಲ್ಯಾಗಿನ ಛತ್ರಿಯೊಳಗ ಒಂದು ಮಾತ್ರ ತೊಯ್ದೈತಿ ಅನ್ಕೋರಿ. ಕರಿ ಪರದೆ ಮುಂದ ಕರಿ ಛತ್ರಿ ಹಿಂದಿನ ಸಾಲಿಗೆ ಕಾಣೂದs ಇಲ್ಲ. ಒಬ್ಬಾಕಿ ಅದನ್ನ ಎತ್ತಿ ಸರಿಸಲಿ, ಸೆರಗಿಗೆ ಕೈ ಒರಸ್ಕೊಳ್ಳಲಿ. ಅದೇ ಹೊತ್ತಿಗೆ ಇನ್ನಿಬ್ಬರ ಜಗಳ ಜೋರಾಗಲಿ.

ಸಂಶೋಧನಾ ಮಾರ್ಗದರ್ಶಕ, ಗದಗ:
ತಿದ್ದುವ ಪೆನ್ನು ಅವರ ಕೈಯಲ್ಲೇ ಇರಲಿ. ಕಥೆ ಗೊತ್ತಿಲ್ಲದ ಆರು ಜನರ ಮುಂದೆ ಓದಿಸಿ, ಕೊನೆಯ ದೃಶ್ಯಕ್ಕೆ ಮೊದಲು ನಿಲ್ಲಿಸಿ. ಯಾರ ಮೇಲೆ ಅನುಮಾನ, ಯಾವ ಮಾತಿನಿಂದ ಬಂತು ಎಂದು ಚೀಟಿಯಲ್ಲಿ ಬರೆಸಿ. ಆರರಲ್ಲೂ ಒಂದೇ ಹೆಸರಿದ್ದರೆ ಸುಳಿವು ಹೆಚ್ಚಾಗಿದೆ. ಅಂತ್ಯ ಕೇಳಿದ ಮೇಲೂ ಯಾರೂ ‘ಅರೆ, ಅದು ಇತ್ತಲ್ಲ!’ ಎನ್ನದಿದ್ದರೆ ಸುಳಿವು ಮುಟ್ಟಿಯೇ ಇಲ್ಲ. ಇದು ಇನ್ನೂ ದೊಡ್ಡ ದೋಷ, ಪ್ರೇಕ್ಷಕನಿಗೆ ಮಾಡುವ ಮೋಸ. ಚೀಟಿಗಳನ್ನು ನಾಟಕ ಬರೆದವರೇ ಓದಿ ಚರ್ಚಿಸಲಿ. ನೀವು ಕೊನೆಗೆ ಮಾತಾಡಿ, ಅದೂ ಪ್ರಶ್ನೆಯಾಗಿ: ‘ಈ ವಿಷಯ ಅವನಿಗೆ ಯಾರು ಹೇಳಿದರು?’ ಅಧ್ಯಾಪಕರು ಮೊದಲೇ ಪರಿಹಾರ ಹೇಳಿಬಿಟ್ಟರೆ ವಿದ್ಯಾರ್ಥಿಗಳು ಅದನ್ನೇ ಬರೆದುಕೊಂಡು ಯೋಚನೆ ನಿಲ್ಲಿಸುತ್ತಾರೆ.

ಅಂದಹಾಗೆ, 30 ನಿಮಿಷ ಕಡಿಮೆಯೇನಲ್ಲ. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ಮೂಲದಲ್ಲಿ 1947ರ ಒಂದು ಚಿಕ್ಕ ರೇಡಿಯೊ ನಾಟಕ.

ಕನ್ನಡ ಅಧ್ಯಾಪಕಿ, ಧಾರವಾಡ:
ಚೀಟಿ ಪರೀಕ್ಷೆ ಈ ವಾರವೇ ಮಾಡಿಸುತ್ತೇನೆ. ಕೊನೆಯ ಭಾಷಣಕ್ಕೇನು ಮಾಡುವುದು?

ನೇಪಥ್ಯ, ಹುಬ್ಬಳ್ಳಿ:
ನಾಕು ನಿಮಿಷಕ್ಕ ಇಳಸ್ರಿ. ಪತ್ತೇದಾರ ವಿವರಿಸೂದರ ಬದಲಿ ಕೊಲೆಗಾರನ ಕಡೆಯಿಂದ ಒಂದು ಕೆಲಸ ಮಾಡಸಲಿ. ‘ನಡೀರಿ, ಎಲ್ಲಾರೂ ತಮ್ಮ ತಮ್ಮ ಛತ್ರಿ ತಗೋರಿ’ ಅಂದ್ರ ಸಾಕು. ಕೊಲೆಗಾರನ ಪಾತ್ರಧಾರಿಗೆ ಗುಟ್ಟು ಮೊದಲನೇ ದಿನಾನ ಹೇಳ್ರಿ, ಆದ್ರ ಕಳ್ಳನೋಟ ಬ್ಯಾಡ ಅನ್ರಿ. ಮನಿಗೆ ಲಗೂನ ಹೋಗಬೇಕು ಅನ್ನೋ ಅವಸರ ಒಂದನ್ನs ಆಡಲಿ.