ಸುಬಾ ಭಾಷೆಗೆ ಊರವರೇ ಸೇರಿ ನಿಘಂಟು ಮಾಡುತ್ತಿದ್ದಾರೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾನು ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ರುಸಿಂಗಾ, ಮ್ಫಂಗಾನೊ ದ್ವೀಪಗಳ ಹಿರಿಯರ ಭಾಷೆ ಸುಬಾ. ಮಕ್ಕಳ ಬಾಯಲ್ಲಿ ಈಗ ಲುವೊ ಭಾಷೆಯೇ ಜಾಸ್ತಿ. ನನ್ನ ಜೊತೆಯ ಐದು ಜನ ಮೇಷ್ಟ್ರುಗಳು ಸುಬಾ ನಿಘಂಟು ಮಾಡಲು ಹೊರಟಿದ್ದಾರೆ. ಇಂಗ್ಲಿಷ್ ನಿಘಂಟು ಮುಂದಿಟ್ಟುಕೊಂಡು 'ಎ' ಅಕ್ಷರದಿಂದ ಶುರು ಮಾಡಿದೆವು. ಎರಡು ತಿಂಗಳಿಗೇ ಎಲ್ಲರೂ ಸೋತಿದ್ದಾರೆ. ಮುಂದೇನು ಮಾಡೋಣ?

ಉತ್ತರ 1: ಮೇಡಂ, ಮೊದಲು ಆ ಇಂಗ್ಲಿಷ್ ನಿಘಂಟು ಮುಚ್ಚಿಡಿ. ಪೂರ್ವ ಉಗಾಂಡದಲ್ಲಿ ಒಂದು ಚಿಕ್ಕ ಭಾಷೆಯ ಕೆಲಸದಲ್ಲಿ ನಾವೂ ಹೀಗೇ ಶುರು ಮಾಡಿ ಆರು ತಿಂಗಳು ಕಳೆದುಕೊಂಡೆವು. 'ಬಿಡುವುದು' ಅನ್ನುವುದಕ್ಕೆ ಏನಂತೀರಿ ಅಂತ ಕೇಳಿದರೆ ಅಜ್ಜ ಏನು ಹೇಳಬೇಕು? ಊರು ಬಿಟ್ಟದ್ದೋ, ದನ ಮೇಯಲು ಬಿಟ್ಟದ್ದೋ, ಕುಡಿತ ಬಿಟ್ಟದ್ದೋ? ಇನ್ನು ಇಂಗ್ಲಿಷ್‌ನಲ್ಲಿ ಇಲ್ಲದ ಪದ ಆ ದಾರಿಯಲ್ಲಿ ಬರುವುದೇ ಇಲ್ಲ.

ನಮ್ಮನ್ನು ದಡ ಸೇರಿಸಿದ್ದು ವಿಷಯವಾರು ಕೇಳುವ ಕ್ರಮ. ರಾನ್ ಮೋ ಎಂಬ ಭಾಷಾತಜ್ಞರು ಬೆಳೆಸಿದ ಸುಮಾರು 1,800 ವಿಷಯಗಳ ಪಟ್ಟಿ ಇದೆ. ಮಳೆ, ಅಡುಗೆ, ಜಗಳ, ಹೆರಿಗೆ, ನಡಿಗೆ ಹೀಗೆ. ಪ್ರತಿ ವಿಷಯಕ್ಕೂ ಒಂದಿಷ್ಟು ಪ್ರಶ್ನೆಗಳಿವೆ. ನಾಲ್ಕೈದು ಜನ ಸುತ್ತ ಕೂತು ನೆನಪಾದದ್ದು ಹೇಳುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ. ಒಂದು ಪದ ಇನ್ನೊಂದನ್ನು ಎಳೆದು ತರುತ್ತದೆ. ಹೀಗೆ ಹಲವು ಗುಂಪುಗಳು ಎರಡು ವಾರ ಕೂತು 10,000 ಪದ ದಾಟಿದ್ದುಂಟು. ಪಟ್ಟಿಗೆ ದುಡ್ಡಿಲ್ಲ. ಫೀಲ್ಡ್‌ವರ್ಕ್ಸ್ ಎಂಬ ಉಚಿತ ತಂತ್ರಾಂಶದೊಳಗೇ ಸಿಗುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬ ಅಜ್ಜಿ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ರಾಗಿ ಹಸನು ಮಾಡುವ ವಿಷಯ ಬಂತು. ಮೊರ ತರಿಸಿದರು, ಮಾಡಿ ತೋರಿಸಿದರು. ಒಂದೊಂದು ಕೈಚಳಕಕ್ಕೂ ಒಂದೊಂದು ಪದ. ನಮ್ಮಲ್ಲಿ ಕೇರುವುದೇ ಬೇರೆ, ಒನೆಯುವುದೇ ಬೇರೆ ಅಲ್ವಾ, ಹಾಗೆ. ಪಕ್ಕದಲ್ಲಿದ್ದ ಹುಡುಗರಿಗೆ ಒಂದೂ ಗೊತ್ತಿರಲಿಲ್ಲ. ಅಂದಿನಿಂದ ಅಜ್ಜಿ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದರು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೀನಿನಿಂದ ಶುರು ಮಾಡುತ್ತಿದ್ದೆ. 1950ರ ದಶಕದಲ್ಲಿ ಆ ಸರೋವರಕ್ಕೆ ನೈಲ್ ಪರ್ಚ್ ಎಂಬ, ಬೇರೆ ಮೀನು ತಿನ್ನುವ ದೊಡ್ಡ ಮೀನು ಬಿಟ್ಟರು. 1980ರ ದಶಕದಲ್ಲಿ ಅದು ವಿಪರೀತ ಹೆಚ್ಚಿತು. ಅಲ್ಲಿ ಮಾತ್ರ ಇದ್ದ ನೂರಾರು ಬಗೆಯ ಸಣ್ಣ ಮೀನುಗಳಲ್ಲಿ ಬಹಳಷ್ಟು ಕಾಣೆಯಾದವು. ಅವನ್ನು ಬಲೆಯಲ್ಲಿ ಹಿಡಿದವರಿಗೆ ಈಗ ಅರವತ್ತು ದಾಟಿದೆ. ಮೀನೇ ಇಲ್ಲದ ಮೇಲೆ ಹೆಸರು ಯಾರ ಬಾಯಲ್ಲಿ ಬರಬೇಕು? ಅವರನ್ನು ಈ ವರ್ಷವೇ ಕೇಳಿ. 'ಒಮೆನಾ' ಅಂತ ಲುವೊ ಹೆಸರು ಹೇಳಿದರೆ ತಡೆಯಬೇಡಿ, ಬರೆದುಕೊಳ್ಳಿ. ಆಮೇಲೆ, ನಿಮ್ಮ ಅಪ್ಪ ಏನನ್ನುತ್ತಿದ್ದರು ಅಂತ ಕೇಳಿ.

ಪದಗಳನ್ನು ಯಾವ ಕ್ರಮದಲ್ಲಿ ಇಡುವುದು ಅನ್ನುವುದನ್ನೂ ಈಗಲೇ ಯೋಚಿಸಿ. ಕನ್ನಡದಲ್ಲಿ ಮರ, ಮರಗಳು ಅಂತ ಪದದ ಕೊನೆ ಬದಲಾಗುತ್ತದೆ. ಆಫ್ರಿಕಾದ ಬಾಂಟು ಎಂಬ ದೊಡ್ಡ ಗುಂಪಿನ ಭಾಷೆಗಳಲ್ಲಿ ಬದಲಾಗುವುದು ಪದದ ತಲೆ. ಸ್ವಾಹಿಲಿಯಲ್ಲಿ 'ಕಿತಾಬು' ಅಂದರೆ ಒಂದು ಪುಸ್ತಕ, ಹಲವಾದರೆ 'ವಿತಾಬು'. ಸುಬಾ ಕೂಡ ಬಾಂಟು. ಅದೇ ಗುಂಪಿನ ಜುಲು ಭಾಷೆಯ ನಿಘಂಟುಗಳಲ್ಲಿ ತಲೆಯ ಭಾಗ ತೆಗೆದು ಮೂಲದ ಮೇಲೆ ಜೋಡಿಸುವ ರೂಢಿ ಇದೆ. ನಾವೂ ಹಾಗೇ ಜೋಡಿಸಿ, ಕರಡನ್ನು ಏಳನೇ ತರಗತಿಯ ಹುಡುಗಿಯ ಕೈಗೆ ಕೊಟ್ಟೆವು. ಅವಳ ಮನೆಮಾತಿನ ಪದ ಅವಳಿಗೇ ಸಿಗಲಿಲ್ಲ. ಎಲ್ಲವನ್ನೂ ಮತ್ತೆ ಜೋಡಿಸಿದೆವು: ಏಕವಚನ ಪೂರ್ತಿಯಾಗಿ, ಪಕ್ಕದಲ್ಲೇ ಬಹುವಚನ. ಮಕ್ಕಳಿಗಾಗಿ ಮಾಡುವುದಾದರೆ ಇದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ನಿಜ. ನಾನು ನೈಜೀರಿಯಾದಲ್ಲಿದ್ದೆ, ಧ್ವನಿಯ ಬಗ್ಗೆ ಹೇಳುತ್ತೇನೆ. ಅಲ್ಲಿನ ಯೊರುಬಾ ಭಾಷೆಯಲ್ಲಿ 'ಒಕೊ' ಅಂದರೆ ಗಂಡ, ಗುದ್ದಲಿ, ಗಾಡಿ ಮೂರೂ ಆಗಬಹುದು. ಸ್ವರದ ಏರಿಳಿತವೇ ವ್ಯತ್ಯಾಸ. ಆದ್ದರಿಂದ ಪ್ರತಿ ಪದವನ್ನೂ ಒಂದು ವಾಕ್ಯದ ಜೊತೆ ಧ್ವನಿಮುದ್ರಿಸಿ. ಫೋನ್ ಸಾಕು, ಆದರೆ ಗಾಳಿ ಬೀಸದ ಕೋಣೆ ಬೇಕು. ಪ್ರತಿ ಸಂಜೆ ಇನ್ನೊಂದು ಕಡೆ ನಕಲು ಮಾಡಿಡಿ.

ಗಿಡಮರಗಳ ಫೋಟೋ ತೆಗೆಯಿರಿ. ಸುಮ್ನೆ 'ಒಂದು ಬಗೆಯ ಮರ' ಅಂತ ಬರೆದರೆ ಮೊಮ್ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ನೈರೋಬಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪೂರ್ವ ಆಫ್ರಿಕಾದ ಒಣಸಸ್ಯಗಳ ದೊಡ್ಡ ಸಂಗ್ರಹವಿದೆ, ಮರ ಗುರುತಿಸಲು ಅಲ್ಲಿ ಕೇಳಿ ನೋಡಿ. ಔಷಧಿಯ ಬಳಕೆ ಮಾತ್ರ ಹೇಳಿದವರ ಒಪ್ಪಿಗೆ ಇಲ್ಲದೆ ಅಚ್ಚಿಗೆ ಹಾಕಬೇಡಿ. ಅದು ಅವರ ಮನೆತನದ ವಿದ್ಯೆ. ಹೊಸ ಕಾಗುಣಿತವನ್ನೂ ಹುಟ್ಟಿಸಬೇಡಿ. ಸುಬಾದಲ್ಲಿ ಬೈಬಲಿನ ಹೊಸ ಒಡಂಬಡಿಕೆ ಅಚ್ಚಾಗಿದೆ, ಅದರ ಬರವಣಿಗೆ ಊರವರಿಗೆ ಒಪ್ಪಿಗೆಯೇ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಇನ್ನೊಂದೇ ಸಂದೇಹ. ಎರಡು ದ್ವೀಪದವರು ಒಂದೇ ವಸ್ತುವಿಗೆ ಬೇರೆ ಪದ ಹೇಳಿದರೆ ಯಾವುದನ್ನು ಸರಿ ಅಂತ ಹಾಕುವುದು? ನಿನ್ನೆ ಇದೇ ವಿಷಯಕ್ಕೆ ಇಬ್ಬರು ಹಿರಿಯರು ಮುನಿಸಿಕೊಂಡು ಎದ್ದುಹೋದರು.

ಉತ್ತರ 1: ಎರಡನ್ನೂ ಹಾಕಿ, ಪಕ್ಕದಲ್ಲಿ ದ್ವೀಪದ ಹೆಸರು ಬರೆಯಿರಿ. ಇವತ್ತೇ ಆ ಇಬ್ಬರ ಮನೆಗೂ ಹೋಗಿ, ಅವರ ಪದ ಬರೆದ ಪುಟ ತೋರಿಸಿ ಬನ್ನಿ.