‘ಪದ್ಮಾವತ್’ ಚಿತ್ರ: ಒಂದೇ ಮನೆಯಲ್ಲಿ ಮೂರು ಅಭಿಪ್ರಾಯ, ನೀವು ಹೇಗೆ ನೋಡಿದಿರಿ?

ಪ್ರಶ್ನೆ (ಧಾರವಾಡ, ಸಪ್ತಾಪುರ)

ಎಲ್ಲರಿಗೂ ನಮಸ್ಕಾರ. ಸಂಜಯ್ ಲೀಲಾ ಬನ್ಸಾಲಿ ಅವರ ‘ಪದ್ಮಾವತ್’ 2018ರ ಜನವರಿ 25ರಂದು ಬಿಡುಗಡೆಯಾದಾಗ ನಾವು ನೋಡಿರಲಿಲ್ಲ. ಮಹದಾಯಿ ನೀರಿಗಾಗಿ ಅದೇ ದಿನ ಕರ್ನಾಟಕ ಬಂದ್ ಇತ್ತು. ಆಮೇಲೂ ಚಿತ್ರದ ವಿರುದ್ಧ ನಡೆದ ಗಲಾಟೆಯ ಸುದ್ದಿಗಳನ್ನು ಕೇಳಿ, ವಯಸ್ಸಾದ ಅವ್ವನನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಲು ಮನಸ್ಸಾಗಲಿಲ್ಲ. ಕಳೆದ ಭಾನುವಾರ ಮನೆಯಲ್ಲಿಯೇ ಅವ್ವ, ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿರುವ ಮಗಳು ಮತ್ತು ನಾನು ಕೂಡಿ ನೋಡಿದೆವು.

ಕೊನೆಯಲ್ಲಿ ಜೌಹರದ, ಎಂದರೆ ಸೋತ ಕೋಟೆಯ ಹೆಂಗಸರೆಲ್ಲ ಒಟ್ಟಾಗಿ ಬೆಂಕಿಗೆ ಹಾರುವ, ದೃಶ್ಯ ಬಂದಾಗ ಅವ್ವ ಕಣ್ಣೀರು ಒರೆಸಿಕೊಳ್ಳುತ್ತ ಕೈ ಮುಗಿದಳು. ಅದೇ ಹೊತ್ತಿಗೆ ಮಗಳು ಎದ್ದು ಒಳಗೆ ಹೋದಳು. ಆಮೇಲೆ ಕೇಳಿದರೆ, “ಬೆಂಕೀನ ಇಷ್ಟು ಚಂದ ಮಾಡಿ ತೋರಿಸಬಾರದಿತ್ತು” ಎಂದಳು. ಚಿತ್ತೋಡದ ಅರಮನೆ, ಉಡುಗೆ, ಹಾಡುಗಳಿಗೆ ನಾನು ಮನಸೋತಿದ್ದೆನಾದರೂ, ಅಲ್ಲಿಯ ರಾಣಿ ಪದ್ಮಾವತಿಯನ್ನು ಬಯಸಿ ದಂಡೆತ್ತಿ ಬರುವ ದಿಲ್ಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯನ್ನು ಚಿತ್ರಿಸಿದ ರೀತಿ ನನಗೆ ಅಷ್ಟು ಸರಿ ಎನಿಸಲಿಲ್ಲ. ರಾತ್ರಿ ಊಟದ ಹೊತ್ತಿನವರೆಗೂ ಚರ್ಚೆ ನಡೆದು, ಅವ್ವ ಮತ್ತು ಮೊಮ್ಮಗಳು ಇಬ್ಬರೂ ನೊಂದುಕೊಂಡರು.

ಕತೆಯು ಮಲಿಕ್ ಮುಹಮ್ಮದ್ ಜಾಯಸಿಯ ಕಾವ್ಯದಿಂದ ಬಂದದ್ದೆಂದು ಚಿತ್ರವೇ ಹೇಳುತ್ತದೆ. ಹಾಗಾದರೆ ಇದರಲ್ಲಿ ಕಾವ್ಯವೆಷ್ಟು, ನಡೆದದ್ದೆಷ್ಟು, ನಿರ್ದೇಶಕರು ಸೇರಿಸಿದ್ದೆಷ್ಟು? ಐತಿಹ್ಯವನ್ನು ಆಧರಿಸಿದ ಚಿತ್ರವನ್ನು ಯಾವ ಅಳತೆಯಿಂದ ಅಳೆಯಬೇಕು? ತಿಳಿದವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಗದಗ, ನಿವೃತ್ತ ಇತಿಹಾಸ ಶಿಕ್ಷಕ)

ತಾವು ಕೇಳಿದ ಮೂರರಲ್ಲಿ ‘ನಡೆದದ್ದು’ ಎಲ್ಲಕ್ಕಿಂತ ಚಿಕ್ಕದು. 1303ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಚಿತ್ತೋಡದ ಕೋಟೆಗೆ ಮುತ್ತಿಗೆ ಹಾಕಿ ಗೆದ್ದದ್ದು, ರತ್ನಸಿಂಹ ಅಲ್ಲಿನ ಅರಸನಾಗಿದ್ದದ್ದು, ಕೋಟೆಗೆ ಖಿಜ್ರಾಬಾದ್ ಎಂದು ಹೆಸರಿಟ್ಟು ಮಗ ಖಿಜ್ರ್ ಖಾನನಿಗೆ ಒಪ್ಪಿಸಿದ್ದು ಇತಿಹಾಸ. ಕವಿ ಅಮೀರ್ ಖುಸ್ರೋ ಆ ದಂಡಯಾತ್ರೆಯಲ್ಲಿ ಸುಲ್ತಾನನ ಜೊತೆಗಿದ್ದು ಅದರ ವಿವರವನ್ನು ಬರೆದಿದ್ದಾನೆ. ಅದರಲ್ಲಿ ಪದ್ಮಿನಿಯ, ಎಂದರೆ ಈ ಪದ್ಮಾವತಿಯ, ಹೆಸರಿಲ್ಲ. ಜಾಯಸಿ ಅವಧಿ ಭಾಷೆಯಲ್ಲಿ ತನ್ನ ಕಾವ್ಯವನ್ನು ರಚಿಸಿದ್ದು 1540ರಲ್ಲಿ, ಎಂದರೆ ಮುತ್ತಿಗೆಯಾಗಿ 237 ವರ್ಷಗಳಾದ ಮೇಲೆ. ಆತ ಸೂಫಿ ಕವಿ. ದಂಡಯಾತ್ರೆಯ ವರದಿಯನ್ನು ಬರೆಯುವುದು ಅವನ ಉದ್ದೇಶವಾಗಿರಲಿಲ್ಲ. ಪ್ರೇಮದ ದಾರಿಯಲ್ಲಿ ಜೀವ ಪಡುವ ಪಾಡನ್ನು ಹೇಳಲು ಅವನು ಈ ಕತೆಯನ್ನು ಆರಿಸಿಕೊಂಡ.

ಆದ್ದರಿಂದ ಚಿತ್ರವನ್ನು ಇತಿಹಾಸದ ಎದುರು ಇಟ್ಟು ನೋಡುವುದಕ್ಕಿಂತ, ಅದು ಯಾವ ಕಾವ್ಯದಿಂದ ಹೊರಟಿತೋ ಆ ಕಾವ್ಯದ ಎದುರು ಇಟ್ಟು ನೋಡುವುದು ನ್ಯಾಯ ಎಂದು ನನ್ನ ಭಾವನೆ. ಹಾಗೆ ನೋಡಿದಾಗಲೇ ನನ್ನ ಅಸಮಾಧಾನ ಹೆಚ್ಚಾಗುತ್ತದೆ. ಕಾವ್ಯದಲ್ಲಿ ಸಿಂಹಳದ ಪದ್ಮಾವತಿಯ ರೂಪವನ್ನು ರತ್ನಸೇನನಿಗೆ (ರತ್ನಸಿಂಹನಿಗೆ ಕಾವ್ಯದಲ್ಲಿರುವ ಹೆಸರು) ಬಣ್ಣಿಸುವುದು ಹೀರಾಮನ್ ಎಂಬ ಗಿಳಿ. ಅದನ್ನು ಕೇಳಿ ಅರಸನು ಜೋಗಿಯ ವೇಷ ತೊಟ್ಟು ರಾಜ್ಯ ಬಿಟ್ಟು ಹೊರಡುತ್ತಾನೆ. ಚಿತ್ರದಲ್ಲಿ ಗಿಳಿಯೂ ಇಲ್ಲ, ಜೋಗಿಯೂ ಇಲ್ಲ. ಬೇಟೆಯ ಬಾಣವೊಂದು ಅರಸನಿಗೆ ತಗುಲಿ ಪ್ರೇಮ ಹುಟ್ಟುತ್ತದೆ. ಇದು ಸಿನಿಮಾದ ಅನುಕೂಲವೆಂದು ಬಿಡಬಹುದು.

ಬಿಡಲಾಗದ್ದು ಕೊನೆಯ ಭಾಗ. ಕಾವ್ಯದಲ್ಲಿ ರತ್ನಸೇನನ ಸಾವಿಗೆ ಕಾರಣ ಅಲ್ಲಾವುದ್ದೀನನಲ್ಲ. ಕುಂಭಲನೇರದ ರಾಜ ದೇವಪಾಲನೂ ಪದ್ಮಾವತಿಯನ್ನು ಬಯಸಿ, ಅರಸನು ಸೆರೆಯಲ್ಲಿದ್ದಾಗ ದೂತಿಯನ್ನು ಕಳುಹಿಸಿರುತ್ತಾನೆ. ಆ ಅವಮಾನಕ್ಕಾಗಿ ರತ್ನಸೇನ ಅವನೊಡನೆ ಕಾದಾಡಿ ತಾನೂ ಸಾಯುತ್ತಾನೆ. ನಾಗಮತಿ, ಪದ್ಮಾವತಿ ಇಬ್ಬರೂ ರಾಣಿಯರು ಪತಿಯ ಚಿತೆಯನ್ನು ಏರುತ್ತಾರೆ. ಸುಲ್ತಾನನು ಕೋಟೆಯೊಳಗೆ ಬಂದಾಗ ಅವನ ಕೈಗೆ ಸಿಗುವುದು ಒಂದು ಹಿಡಿ ಬೂದಿ. ಅದನ್ನು ಗಾಳಿಗೆ ತೂರಿ ಈ ಲೋಕವೇ ಸುಳ್ಳೆಂದು ಅವನು ಅರಿಯುತ್ತಾನೆ. ಪರರ ಹೆಂಡತಿಯನ್ನು ಬಯಸುವ ಪಾಪವನ್ನು ಜಾಯಸಿ ಎರಡು ಕಡೆಗೂ ಹಂಚಿದ್ದ, ಬಯಸಿದವನಿಗೂ ಕೊನೆಗೊಂದು ವಿವೇಕವನ್ನು ಕೊಟ್ಟಿದ್ದ. ಚಿತ್ರದಲ್ಲಿ ದೇವಪಾಲನೇ ಇಲ್ಲ. ರತ್ನಸಿಂಹ ಮತ್ತು ಖಿಲ್ಜಿಯ ದ್ವಂದ್ವಯುದ್ಧದಲ್ಲಿ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರನ ಕಡೆಯ ಬಾಣಗಳು ರತ್ನಸಿಂಹನ ಬೆನ್ನಿಗೆ ನಾಟುತ್ತವೆ, ಕೇಡೆಲ್ಲವೂ ಒಬ್ಬನ ಹೆಗಲಿಗೆ ಏರುತ್ತದೆ. ಖಿಲ್ಜಿಯ ಚಿತ್ರಣ ಸರಿ ಎನಿಸಲಿಲ್ಲವೆಂದು ತಾವು ಬರೆದದ್ದಕ್ಕೆ ಕಾರಣ ಇದೇ ಇರಬೇಕು. ಈ ಕಾಫೂರನೇ 1311ರಲ್ಲಿ ನಮ್ಮ ದ್ವಾರಸಮುದ್ರದವರೆಗೆ ದಂಡೆತ್ತಿ ಬಂದವನು; ಅವನ ಸೈನ್ಯದ ಕ್ರೌರ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಖುಸ್ರೋನಂಥ ಕವಿಗೆ ಆಶ್ರಯವಿತ್ತ ಆಸ್ಥಾನವನ್ನು ಬರೀ ಕತ್ತಲೆ ಮತ್ತು ಹಸಿಮಾಂಸದ ಜಾಗವೆಂಬಂತೆ ತೋರಿಸಿದ್ದು ಕಾವ್ಯದಲ್ಲಿಯೂ ಇಲ್ಲ, ಇತಿಹಾಸದಲ್ಲಿಯೂ ಇಲ್ಲ.

ಇಂಥದೇ ಕತೆ ನಮ್ಮಲ್ಲಿಯೂ ಇದೆಯೆಂಬುದನ್ನು ತಮ್ಮ ಮಗಳಿಗೆ ಅವಶ್ಯವಾಗಿ ಹೇಳಿರಿ. ಗದಗಿನಿಂದ ಕೊಪ್ಪಳ ದಾಟಿ ಗಂಗಾವತಿಯ ಕಡೆಗೆ ಹೋದರೆ ಕಂಪಿಲರಾಯನ ಕೋಟೆ ಕುಮ್ಮಟದುರ್ಗ. ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪ್ ಎಂಬ ಸರದಾರ ಮರೆಹೊಕ್ಕಾಗ ಕಂಪಿಲರಾಯ ಅವನನ್ನು ಒಪ್ಪಿಸಲು ನಿರಾಕರಿಸಿದ, 1327ರ ಹೊತ್ತಿಗೆ ಆ ರಾಜ್ಯವೇ ಅಳಿಯಿತು. ನಂಜುಂಡ ಕವಿಯು ಕಂಪಿಲರಾಯನ ಮಗ, ಪರನಾರೀಸಹೋದರನಾದ ಕುಮಾರರಾಮನ ಕತೆಯನ್ನು ಸಾಂಗತ್ಯದಲ್ಲಿ ಹಾಡಿದ್ದು ಹದಿನಾರನೆಯ ಶತಮಾನದಲ್ಲಿ. ಅಲ್ಲಿಯೂ ಕಾವ್ಯಕ್ಕೂ ಘಟನೆಗೂ ನಡುವೆ ಸುಮಾರು ಇನ್ನೂರು ವರ್ಷ. ಮಲತಾಯಿ ರತ್ನಾಜಿಯ ಮೋಹ, ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಉಳಿಸಿದ್ದು, ಇವೆಲ್ಲ ನಡೆದವೇ ಎಂದು ನಾವು ಕೇಳುತ್ತ ಕೂಡುವುದಿಲ್ಲ. 2006ರಲ್ಲಿ ಶಿವರಾಜಕುಮಾರ್ ಅಭಿನಯದ ‘ಗಂಡುಗಲಿ ಕುಮಾರರಾಮ’ ಬಂದಾಗಲೂ ಜನ ಅದನ್ನು ತಮ್ಮ ನಾಡಿನ ಕತೆಯೆಂದೇ ನೋಡಿದರು.

ಉತ್ತರ 2 (ಹುಬ್ಬಳ್ಳಿ)

ಗುರುಗಳ ಮಾತಿನಲ್ಲಿ ತಥ್ಯವಿದೆ, ಆದರೆ ನಾನು ಚಿತ್ರವನ್ನು ದೊಡ್ಡ ಪರದೆಯ ಮೇಲೆ ನೋಡಿದವನು, ಅದರ ಕಸುಬನ್ನು ಹೊಗಳದೆ ಇರಲಾರೆ. ‘ಘೂಮರ್’ ಹಾಡಿನ ನೃತ್ಯ ಸಂಯೋಜನೆಗೂ ಬನ್ಸಾಲಿ ಅವರ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಕನ್ನಡಿಯ ದೃಶ್ಯದಲ್ಲಿ ಪದ್ಮಾವತಿಯ ಮುಖ ಕ್ಷಣಮಾತ್ರ ಕಂಡು ಹೊಗೆಯಲ್ಲಿ ಕರಗಿಹೋಗುವುದನ್ನು ನೋಡಿದರೆ ಕಾವ್ಯದ ಗುಣ ಪೂರ್ತಿ ಹೋಗಿದೆ ಎಂದು ನನಗೆ ಹೇಳಲಾಗದು.

ನಮ್ಮ ಅಂಗಡಿಯ ಪಕ್ಕದಲ್ಲಿ ಮೂರು ತಲೆಮಾರಿನಿಂದ ಬಟ್ಟೆ ವ್ಯಾಪಾರ ಮಾಡುತ್ತಿರುವ ರಾಜಸ್ಥಾನದ ಕುಟುಂಬವಿದೆ. ಆ ಮನೆಯ ಅಜ್ಜಿಯವರು ಚಿತ್ರ ನೋಡಿ ಬಂದ ಮೇಲೆ ಕೊನೆಯ ದೃಶ್ಯವನ್ನು ಮೆಚ್ಚಿಕೊಂಡರು, ಆದರೆ ರಾಣಿಯು ಹಾಗೆ ಕುಣಿಯುವುದು ತಮ್ಮ ಕಡೆಯ ರೀತಿಯಲ್ಲವೆಂದು ಬೇಸರಪಟ್ಟರು. ಪದ್ಮಿನಿ ಇದ್ದಳೋ ಇಲ್ಲವೋ ಎಂಬ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ. ಅಂಥವರ ನಂಬಿಕೆಯನ್ನು 1540, 1303 ಎಂದು ಲೆಕ್ಕ ಹಾಕಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಂದು ಆ ನಂಬಿಕೆಯ ಹೆಸರಿನಲ್ಲಿ ಪ್ರದರ್ಶನವನ್ನೇ ನಿಲ್ಲಿಸಹೊರಟದ್ದನ್ನೂ ನಾನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟು ರಾಜ್ಯಗಳ ನಿಷೇಧವನ್ನು ತಡೆಹಿಡಿದದ್ದು ಸರಿಯಾಗಿಯೇ ಇತ್ತು.

ಉತ್ತರ 3 (ಹಾವೇರಿ ಜಿಲ್ಲೆ, ಹಾನಗಲ್ಲ ತಾಲ್ಲೂಕು)

ನಿಮ್ಮ ಮಗಳು ಎದ್ದು ಹೋದದ್ದು ನನಗೆ ಅರ್ಥವಾಗುತ್ತದೆ, ಅವಳ ಪರವಾಗಿ ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ಊರಿನ ಕೆರೆಯ ದಂಡೆಯಲ್ಲಿ ಒಂದು ಮಾಸ್ತಿಕಲ್ಲು ಇದೆ. ಕಂಬದಿಂದ ಹೊರಚಾಚಿದ ಬಲಗೈ, ಮೇಲಕ್ಕೆತ್ತಿದ ಅಂಗೈ, ಮೊಳಕೈಯವರೆಗೆ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು. ಪಕ್ಕದ ವೀರಗಲ್ಲಿನಲ್ಲಿ ತುರು ಕಾಯ್ದು ಸತ್ತವನ ಹೆಸರು ಸವೆದಿದ್ದರೂ ಓದಬಹುದು. ಬೆಂಕಿಗೆ ಬಿದ್ದವಳ ಕಲ್ಲಿನಲ್ಲಿ ಒಂದು ಅಕ್ಷರವೂ ಇಲ್ಲ. ಚಿಕ್ಕವಳಿದ್ದಾಗ ಅಮವಾಸ್ಯೆಗೊಮ್ಮೆ ಅಜ್ಜಿಯ ಜೊತೆ ಹೋಗಿ ಅದಕ್ಕೆ ಕುಂಕುಮ ಹಚ್ಚಿ ಬರುತ್ತಿದ್ದೆ. ಈಗಲೂ ಹಚ್ಚುತ್ತೇನೆ. ಆದರೆ ಆ ಕೈ ನನಗೆ ಆಶೀರ್ವಾದ ಮಾಡುವ ಕೈಯಂತೆ ಒಮ್ಮೆ ಕಂಡರೆ, ತಡೆಯಿರಿ ಎಂದು ಎತ್ತಿದ ಕೈಯಂತೆ ಇನ್ನೊಮ್ಮೆ ಕಾಣುತ್ತದೆ.

ಚಿತ್ರದಲ್ಲಿ ನನ್ನನ್ನು ಬಹಳ ನೋಯಿಸಿದ ದೃಶ್ಯ ಬೆಂಕಿಯದಲ್ಲ. ಯುದ್ಧಕ್ಕೆ ಹೊರಟ ಗಂಡನಿಂದ ಪದ್ಮಾವತಿ ಜೌಹರಕ್ಕೆ ಅಪ್ಪಣೆ ಕೇಳುತ್ತಾಳಲ್ಲ, ಅದು. ಸೆರೆಯಲ್ಲಿದ್ದ ಅರಸನನ್ನು ಬಿಡಿಸಿಕೊಂಡು ಬರಲು ದಿಲ್ಲಿಗೇ ಹೋಗಿ ಬಂದ ಬುದ್ಧಿವಂತೆಯನ್ನು, ಸಾಯುವುದಕ್ಕೂ ಒಪ್ಪಿಗೆ ಬೇಡುವವಳನ್ನಾಗಿ ಮಾಡಿದರು. ಕೊನೆಯ ದೃಶ್ಯದಲ್ಲಿ ಒಬ್ಬ ಬಸುರಿ ಹೆಂಗಸೂ ಒಂದು ಸಣ್ಣ ಹುಡುಗಿಯೂ ನಡೆದು ಹೋಗುತ್ತಾರೆ, ಹಿಂದೆ ಹಾಡಿನ ಅಬ್ಬರ. ನಟಿ ಸ್ವರಾ ಭಾಸ್ಕರ್ ಆಗ ಬಹಿರಂಗ ಪತ್ರ ಬರೆದಾಗ ಅವರನ್ನು ಎಷ್ಟೋ ಜನ ಹೀಯಾಳಿಸಿದರು. ಆದರೆ ಮಾನಹಾನಿಯಾದ ಮೇಲೂ ಹೆಣ್ಣಿಗೆ ಬದುಕುವ ಹಕ್ಕಿದೆ ಎಂಬ ಅವರ ಮಾತನ್ನು ನಾನು ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಧೈರ್ಯವಾಗಿ ಹೇಳುತ್ತೇನೆ. ನಮ್ಮ ಸೀಮೆಯ ಬೆಳವಡಿ ಮಲ್ಲಮ್ಮ, 1824ರಲ್ಲಿ ಬ್ರಿಟಿಷ್ ಅಧಿಕಾರಿ ಠಾಕರೆಯ ಸೈನ್ಯವನ್ನು ಸೋಲಿಸಿದ ಕಿತ್ತೂರ ಚನ್ನಮ್ಮ, ಇವರ ಲಾವಣಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ರಾಣಿ ಎಂದರೆ ಕತ್ತಿ ಹಿಡಿದವಳು. ಚನ್ನಮ್ಮ ಸೆರೆಯಲ್ಲಿದ್ದುಕೊಂಡೇ 1829ರಲ್ಲಿ ತೀರಿಕೊಂಡಳು. ಸೆರೆಯಾದ ಮಾತ್ರಕ್ಕೆ ಅವಳ ಮಾನ ಹೋಯಿತೆಂದು ಈ ನಾಡಿನಲ್ಲಿ ಯಾರೂ ಹೇಳಲಿಲ್ಲ.

ಉತ್ತರ 4 (ರಾಣೆಬೆನ್ನೂರ)

ಅಕ್ಕಾವರೆ, ತಮ್ಮ ಮಾಸ್ತಿಕಲ್ಲಿನ ಮಾತು ಮನಸ್ಸಿಗೆ ತಟ್ಟಿತು. ಆದರೂ ಹೋಲಿಕೆಯನ್ನು ಒಪ್ಪಲಾರೆ. ಚನ್ನಮ್ಮನನ್ನು ಸೆರೆ ಹಿಡಿದವರು ಅವಳಿಗೆ ವರ್ಷಾಶನ ಗೊತ್ತುಮಾಡಿದರು. ಹದಿನಾಲ್ಕನೆಯ ಶತಮಾನದಲ್ಲಿ ಸೋತ ಕೋಟೆಯ ಹೆಣ್ಣುಮಕ್ಕಳ ಪಾಲಿಗೆ ಉಳಿದಿದ್ದದ್ದು ಗುಲಾಮರ ಸಂತೆ. ಗುರುಗಳು ಹೇಳಿದ ಕಂಪಿಲರಾಯನ ರಾಜ್ಯ ಕಂಪಿಲಿಯ ಕೊನೆಯ ದಿನವನ್ನು ಇಬ್ನ್ ಬತೂತ ಬರೆದಿದ್ದಾನೆ. ದೊಡ್ಡ ಬೆಂಕಿ ಹಾಕಿಸಿ, ತಾನು ಸಾಯಲು ನಿಶ್ಚಯಿಸಿದ್ದೇನೆಂದೂ ಇಷ್ಟವಿದ್ದವರು ಹಾಗೆಯೇ ಮಾಡಬಹುದೆಂದೂ ರಾಜನು ಹೇಳಿದನಂತೆ; ಹೆಂಗಸರು ಸ್ನಾನ ಮಾಡಿ, ಗಂಧ ಪೂಸಿಕೊಂಡು, ಅವನೆದುರು ನೆಲಕ್ಕೆ ಮುತ್ತಿಟ್ಟು ಬೆಂಕಿಗೆ ಹಾರಿದರಂತೆ. ಇದು ಕವಿಯ ಕಲ್ಪನೆಯಲ್ಲ, ಕೆಲವೇ ವರ್ಷಗಳ ಆಮೇಲೆ ದಿಲ್ಲಿಗೆ ಬಂದ ಪ್ರವಾಸಿಯ ಬರಹ. ಚಿತ್ರವು ಸತಿ ಪದ್ಧತಿಯನ್ನು ತಾನು ಎತ್ತಿಹಿಡಿಯುವುದಿಲ್ಲವೆಂದು ಆರಂಭದಲ್ಲಿಯೇ ಬರೆದು ತೋರಿಸಿದೆ. ಆ ಕಾಲದ ಹೆಣ್ಣು ಆ ಕಾಲದ ಮಾತನ್ನೇ ಆಡಬೇಕಾಗುತ್ತದೆ. ತಾಯಿಯವರು ಕೈ ಮುಗಿದದ್ದು ಬೆಂಕಿಗಲ್ಲ, ಬೇರೆ ದಾರಿಯಿಲ್ಲದೆ ಹೋದವರಿಗೆ ಎಂದು ನಾನು ತಿಳಿಯುತ್ತೇನೆ.

ಪ್ರಶ್ನೆ ಕೇಳಿದವರ ಮರುನುಡಿ (ಧಾರವಾಡ)

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಈ ಉತ್ತರಗಳನ್ನು ಅವ್ವನಿಗೂ ಮಗಳಿಗೂ ಓದಿ ಹೇಳಿದೆ. ಒಂದು ಹಿಡಿ ಬೂದಿಯ ಭಾಗ ಬಂದಾಗ ಅವ್ವ ಎರಡನೆಯ ಸಲ ಓದಿಸಿದಳು, “ಅಷ್ಟು ತೋರಿಸಿದ್ದರ ಸಾಕಿತ್ತು” ಎಂದಳು. ಮಗಳು ಅದಕ್ಕೆ ಎದುರಾಡಲಿಲ್ಲ. ಕಂಪಿಲಿಯ ಬೆಂಕಿಯ ಸಂಗತಿಯನ್ನು ಮಾತ್ರ ಅವಳು ಬಿಡುತ್ತಿಲ್ಲ. ರಾಜನು ‘ಇಷ್ಟವಿದ್ದವರು’ ಎಂದಾಗ ಇಷ್ಟವಿಲ್ಲದವರು ಏನು ಮಾಡಿದರು, ನಂಜುಂಡ ಕವಿ ಆ ಹೆಂಗಸರ ಬಗ್ಗೆ ಏನು ಬರೆದಿದ್ದಾನೆ ಎಂದು ಕೇಳುತ್ತಿದ್ದಾಳೆ. ಗದಗಿನ ಗುರುಗಳು ಕುಮಾರರಾಮನ ಸಾಂಗತ್ಯದ ಯಾವ ಭಾಗದಲ್ಲಿ ಆ ಪ್ರಸಂಗವನ್ನು ಹುಡುಕಬೇಕೆಂದು ತಿಳಿಸಿದರೆ, ಶನಿವಾರ ಇಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವಳನ್ನು ಕರೆದುಕೊಂಡು ಹೋಗುತ್ತೇನೆ.