‘ಬಿಡುಗಡೆ’ಯೋ, ‘ಬಿಟ್ಟುಕೊಡುವುದೋ’?

ಕಂಪ್ಯೂಟರ್ ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಚಿಕ್ಕ ಪ್ರೋಗ್ರಾಮ್) ಬರೆಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ರಿಲೀಸ್’ ಎಂಬ ಒಂದೇ ಕ್ರಿಯಾಪದದ ಬಳಿ ಎರಡು ದಿನದಿಂದ ನಿಂತುಬಿಟ್ಟಿದ್ದೇನೆ. ತೆರೆದ ಕಡತ, ಬೇರೆಯವರು ಅದೇ ವೇಳೆ ಬಳಸದಂತೆ ಹಾಕಿದ ಲಾಕ್, ಪಡೆದ ಮೆಮೊರಿ, ಡೇಟಾಬೇಸಿನ ಸಂಪರ್ಕ ಇವನ್ನೆಲ್ಲ ಸ್ಕ್ರಿಪ್ಟ್ ಮುಗಿಯುವ ಹೊತ್ತಿಗೆ ವ್ಯವಸ್ಥೆಗೆ ಒಪ್ಪಿಸಬೇಕು ಎಂಬುದಷ್ಟೇ ಅಲ್ಲಿ ಹೇಳಬೇಕಾದದ್ದು.

ರೂಢಿಯ ‘ಸಂಪನ್ಮೂಲ ಬಿಡುಗಡೆ’ ನನಗೆ ಒಗ್ಗುತ್ತಿಲ್ಲ. ಅನುದಾನ ಬಿಡುಗಡೆಯಾಯಿತು ಎಂದರೆ ಇಟ್ಟುಕೊಂಡಿದ್ದವರು ಕೇಳಿದವರಿಗೆ ಕೊಟ್ಟರು ಎಂದರ್ಥ. ಇಲ್ಲಿಯಾದರೋ ಕೇಳಿ ಪಡೆದವನೇ ಮರಳಿ ಕೊಡುತ್ತಿರುವುದರಿಂದ ದಿಕ್ಕೇ ತಿರುವುಮುರುವಾಗುತ್ತದೆ. ‘ಮುಕ್ತಗೊಳಿಸು’ ಇನ್ನೂ ತೊಡಕಿನದು: ಕಡತವನ್ನು ಮುಕ್ತಗೊಳಿಸಿ ಎಂದು ಓದಿದವರು ಅದನ್ನು ಮುಚ್ಚುವ ಬದಲು ತೆರೆದಾರು! ‘ಹಿಂದಿರುಗಿಸು’ವನ್ನು ಪ್ರೋಗ್ರಾಮಿನೊಳಗಿನ ಫಂಕ್ಷನ್ ಉತ್ತರ ಕೊಡುವುದಕ್ಕೆ (ರಿಟರ್ನ್) ಈಗಾಗಲೇ ಬಳಸಿಯಾಗಿದೆ.

ಹಾಗಾಗಿ ‘ಬಿಟ್ಟುಕೊಡು’ ಎಂದು ಬರೆಯುವ ಯೋಚನೆ ನನ್ನದು. ಕೂತ ಜಾಗವನ್ನು ಬಿಟ್ಟುಕೊಡುವಾಗ ಹಿಡಿದವರೊಬ್ಬರು, ಕಾದವರೊಬ್ಬರು ಇರುತ್ತಾರೆ. ಲಾಕಿನ ಸ್ಥಿತಿಯೂ ಹಾಗೆಯೇ. ಸೋತು ಬಿಟ್ಟುಕೊಟ್ಟಂತೆ ಕೇಳಿಸುತ್ತದೆ ಎಂಬ ಆಕ್ಷೇಪ ಬರಬಹುದು, ಆದರೆ ಅದು ನನಗೆ ದೊಡ್ಡದೆನಿಸಿಲ್ಲ. ಈ ಪದದ ನಿಜವಾದ ಲಾಭವಿರುವುದು ಅದರ ಜೋಡಿಯಲ್ಲಿ: ಅದೇ ‘ಬಿಡು’ವಿನಿಂದ ‘ಬಿಟ್ಟುಹೋಗು’ ಎಂಬುದೂ ಬರುತ್ತದೆ, ಅದರ ಅರ್ಥ ನೇರ ವಿರುದ್ಧ. ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಹೇಗೇ ಸತ್ತರೂ ಅದರ ಮೆಮೊರಿಯನ್ನು ಆ ವ್ಯವಸ್ಥೆಯ ತಿರುಳಾದ ಕರ್ನೆಲ್ ತಾನೇ ಹಿಂಪಡೆಯುತ್ತದೆ, ತೆರೆದಿದ್ದ ಕಡತಗಳನ್ನೂ ಮುಚ್ಚುತ್ತದೆ. ಆದರೆ ತಾತ್ಕಾಲಿಕ ಕಡತಗಳ ಟಿಎಂಪಿ (/tmp) ಕೋಶದಲ್ಲಿ, ತಾನು ಓಡುತ್ತಿರುವ ಗುರುತಿಗೆ ಸ್ಕ್ರಿಪ್ಟ್ ಸೃಷ್ಟಿಸಿದ ಲಾಕ್ ಕಡತವನ್ನು ಅದು ಮುಟ್ಟುವುದಿಲ್ಲ. ಮರುದಿನ ಅದೇ ಸ್ಕ್ರಿಪ್ಟ್ ಆ ಕಡತವನ್ನು ಕಂಡು, ‘ಈಗಾಗಲೇ ಓಡುತ್ತಿದೆ’ ಎಂದು ತನ್ನನ್ನು ತಾನೇ ತಡೆದುಕೊಂಡು ನಿರ್ಗಮಿಸುತ್ತದೆ. ಬಿಟ್ಟುಕೊಡಬೇಕಾದದ್ದನ್ನು ಬಿಟ್ಟುಹೋದದ್ದರ ಫಲವಿದು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್‌ನಲ್ಲಿ ‘ಟ್ರ್ಯಾಪ್’ ಆಜ್ಞೆಯನ್ನು ‘ಎಕ್ಸಿಟ್’ಗೆ (ಸ್ಕ್ರಿಪ್ಟ್ ಮುಗಿಯುವ ಕ್ಷಣಕ್ಕೆ) ಕಟ್ಟಿ ಕಡತವನ್ನು ಅಳಿಸುವ ವ್ಯವಸ್ಥೆ ಮಾಡಬಹುದಾದರೂ, ಸ್ಕ್ರಿಪ್ಟನ್ನು ತಕ್ಷಣ ಕೊಲ್ಲುವ 9ನೇ ಸಿಗ್ನಲ್ ಬಂದರೆ ಟ್ರ್ಯಾಪ್‌ಗೆ ಅವಕಾಶವೇ ಸಿಗುವುದಿಲ್ಲ.

ಹೀಗೆ ಕರ್ನೆಲ್ ‘ಹಿಂಪಡೆಯುತ್ತದೆ’, ಸ್ಕ್ರಿಪ್ಟ್ ‘ಬಿಟ್ಟುಕೊಡುತ್ತದೆ’ ಅಥವಾ ‘ಬಿಟ್ಟುಹೋಗುತ್ತದೆ’ ಎಂದು ಮೂರು ಕ್ರಿಯೆಗಳನ್ನು ಬೇರ್ಪಡಿಸಿ ಬರೆದಿದ್ದೇನೆ. ವಾಕ್ಯಗಳಲ್ಲಿ ಇದು ಸಲೀಸಾಗಿ ನಡೆಯುತ್ತಿದೆ. ಅಧ್ಯಾಯದ ಶೀರ್ಷಿಕೆಗೆ ನಾಮಪದ ಬೇಕಾದಾಗ ಮಾತ್ರ ‘ಬಿಟ್ಟುಕೊಡುವಿಕೆ’ ಎಂಬುದು ನಾಲಿಗೆಗೆ ಭಾರವಾಗುತ್ತದೆ. ‘ಬಿಡುವಳಿ’ ಎಂದು ಹೊಸದಾಗಿ ಕಟ್ಟಿದರೆ ಅರ್ಥ ತಾನಾಗಿಯೇ ಹೊಳೆಯುತ್ತದೆಯೇ, ಅಥವಾ ರಜೆಯ ‘ಬಿಡುವು’ ನಡುವೆ ನುಸುಳುತ್ತದೆಯೇ?